ಮದ್ದೂರಿನಿಂದ ಮಹಾನಗರಕ್ಕೆ: ಬಸ್ಸು ಉಚಿತ, ಬಾಡಿಗೆ ಮನೆ ದುರ್ಲಭ

ಶಿಂಷಾ ನದಿಯ ದಡದ ಮದ್ದೂರು ನಾಡಿಗೆಲ್ಲ ಪರಿಚಿತವಾಗಿರುವುದು ಎರಡು ಕಾರಣಗಳಿಗೆ. ಒಂದು, ರೈಲು ನಿಲ್ದಾಣದಲ್ಲಿ ಹುಟ್ಟಿ ಮನೆಮಾತಾದ ವಡೆ. ಇನ್ನೊಂದು, 1938ರ ಶಿವಪುರ ಧ್ವಜ ಸತ್ಯಾಗ್ರಹ. ಬೆಂಗಳೂರಿಗೂ ಮೈಸೂರಿಗೂ ನಡುವೆ, ರಾಜಧಾನಿಯಿಂದ ಸುಮಾರು ಎಂಬತ್ತು ಕಿಲೋಮೀಟರ್ ದೂರದಲ್ಲಿರುವ ಈ ಪಟ್ಟಣಕ್ಕೆ ವಲಸೆ ಹೊಸದಲ್ಲ. ಕಬ್ಬಿಗೆ ಬೆಲೆ ಇಲ್ಲದ ವರ್ಷಗಳಲ್ಲಿ, ನಾಲೆಯಲ್ಲಿ ನೀರು ಹರಿಯದ ಬೇಸಿಗೆಗಳಲ್ಲಿ ತಾಲೂಕಿನ ಯುವಕರು ಬೆಂಗಳೂರಿನ ಹೋಟೆಲು, ಗಾರ್ಮೆಂಟ್ಸ್, ಆಟೋ ನಿಲ್ದಾಣಗಳಿಗೆ ಹೋಗಿದ್ದಾರೆ. ಓದಿದವರು ಕಚೇರಿಗಳಿಗೆ ಹೋಗಿದ್ದಾರೆ. ಹಬ್ಬಕ್ಕೆ, ಊರ ಜಾತ್ರೆಗೆ, ಗದ್ದೆಯ ನಾಟಿಗೆ ತಿರುಗಿ ಬಂದಿದ್ದಾರೆ.

ಅದೇ ಬಸ್ಸು, ಅದೇ ರೈಲು ಹಿಡಿದು ಹೋಗಿಯೂ ತಿರುಗಿ ಬಾರದವರು ಇನ್ನೊಂದು ವರ್ಗದವರು. ಗಂಡೆಂದು ಬೆಳೆಸಲ್ಪಟ್ಟು ತಾನು ಹೆಣ್ಣೆಂದು ಅರಿತವರು, ಹೆಣ್ಣೆಂದು ಬೆಳೆಸಲ್ಪಟ್ಟು ತಾನು ಗಂಡೆಂದು ಅರಿತವರು, ಎರಡರೊಳಗೂ ತಮ್ಮನ್ನು ಸೇರಿಸಿಕೊಳ್ಳಲಾಗದವರು. ಹಿಜಡಾ, ಮಂಗಳಮುಖಿ, ತೃತೀಯ ಲಿಂಗಿ ಎಂದು ಕಾಲಕಾಲಕ್ಕೆ ಬೇರೆ ಬೇರೆ ಹೆಸರು ಪಡೆದ ಈ ಸಮುದಾಯವನ್ನು ಸರಕಾರಿ ಕಡತಗಳು ಈಗ ಲಿಂಗತ್ವ ಅಲ್ಪಸಂಖ್ಯಾತರು ಎಂದು ಕರೆಯುತ್ತವೆ. ಮದ್ದೂರು, ಮಳವಳ್ಳಿ, ನಾಗಮಂಗಲಗಳಂತಹ ಪಟ್ಟಣಗಳ ಮಟ್ಟಿಗೆ ಇವರ ಚರಿತ್ರೆ ಎಂದರೆ ಬಹುಪಾಲು ಊರು ಬಿಟ್ಟುಹೋದವರ ಚರಿತ್ರೆಯೇ.

2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದಾಗ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಚಿತ ಪ್ರಯಾಣದ ಸೌಲಭ್ಯ ದೊರೆಯಿತು. ಅದೇ ವರ್ಷದ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಗಿತ್ತು. ಹೀಗೆ ಒಂದೇ ವರ್ಷದಲ್ಲಿ ರಾಜಧಾನಿಯ ಹಾದಿ ಹತ್ತಿರವೂ ಅಗ್ಗವೂ ಆಯಿತು. ಆದರೆ ಬಸ್ಸಿಳಿದ ಮೇಲೆ ಏನು? ಮೊದಲ ರಾತ್ರಿ ಎಲ್ಲಿ, ಮೊದಲ ತಿಂಗಳ ಬಾಡಿಗೆ ಯಾರಿಗೆ, ಮೊದಲ ಸಂಬಳ ಯಾರಿಂದ? ಈ ಪ್ರಶ್ನೆಗಳಿಗೆ ಕಳೆದ ಹತ್ತು ಹನ್ನೆರಡು ವರ್ಷಗಳ ತೀರ್ಪುಗಳಾಗಲಿ, ಕಾಯ್ದೆಗಳಾಗಲಿ, ನೀತಿಗಳಾಗಲಿ ಕೊಟ್ಟಿರುವ ಉತ್ತರ ಅರೆಬರೆಯಾದದ್ದು.

ಊರು ಬಿಡುವ ಅನಿವಾರ್ಯತೆ

ಉತ್ತರ ಕರ್ನಾಟಕದಲ್ಲಿ ಸವದತ್ತಿಯ ಯಲ್ಲಮ್ಮ, ಹುಲಿಗಿಯ ಹುಲಿಗೆಮ್ಮರ ಪರಂಪರೆ ಜೋಗಪ್ಪ, ಜೋಗತಿಯರಿಗೆ ಒಂದು ಧಾರ್ಮಿಕ ನೆಲೆಯನ್ನು ಕೊಟ್ಟಿದೆ. ಆ ನೆಲೆಯಲ್ಲಿ ಗೌರವ ಎಷ್ಟು, ಬಡತನ ಎಷ್ಟು ಎಂಬುದು ಬೇರೆ ಚರ್ಚೆ. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರು ಬಳ್ಳಾರಿ ಸೀಮೆಯಲ್ಲಿ ಮನೆ ತೊರೆದು, ಭಿಕ್ಷೆ ಬೇಡಿ, ಕಾಳವ್ವ ಜೋಗತಿಯವರ ಆಶ್ರಯದಲ್ಲಿ ಕಲೆ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದ ದಾರಿಯೇನೂ ಹೂವಿನ ಹಾಸಿಗೆಯಾಗಿರಲಿಲ್ಲ. ಆದರೂ ಆ ಸೀಮೆಯ ಜನರಿಗೆ ಜೋಗತಿ ಎಂದರೆ ಯಾರೆಂಬುದು ಗೊತ್ತು. ಮನೆಯ ಬಾಗಿಲಿಗೆ ಬಂದಾಗ ಕರೆಯಲು ಒಂದು ಹೆಸರಿದೆ.

ಹಳೆ ಮೈಸೂರು ಸೀಮೆಯಲ್ಲಿ ಅಂಥ ನೆಲೆ ಅಷ್ಟು ಗಟ್ಟಿಯಾಗಿಲ್ಲ. ಬೇಸಾಯವೇ ಬದುಕಾಗಿರುವ ಇಲ್ಲಿನ ಹಳ್ಳಿಗಳಲ್ಲಿ ಗಂಡುಮಗ ಎಂದರೆ ಪಹಣಿಯ ಮುಂದಿನ ಹೆಸರು, ಹೆಣ್ಣುಮಗಳು ಎಂದರೆ ಮದುವೆ ಮಾಡಿ ಕಳುಹಿಸಬೇಕಾದ ಜವಾಬ್ದಾರಿ. ಈ ಎರಡು ಚೌಕಟ್ಟಿನಿಂದ ಹೊರಗೆ ನಿಂತವರಿಗೆ ಮನೆಯಲ್ಲಿ ಸ್ಥಾನವೂ ಇಲ್ಲ, ಆಸ್ತಿಯ ಮಾತು ಬಂದಾಗ ಪಾಲೂ ಇಲ್ಲ. ಶಾಲೆಯಲ್ಲಿ ಅಣಕ, ಕಾಲೇಜಿನ ಬಸ್ಸಿನಲ್ಲಿ ಕೀಟಲೆ, ಮನೆಯಲ್ಲಿ ಮಂತ್ರ, ತಾಯಿತ, ಹೊಡೆತ. ಇವುಗಳ ಅನುಕ್ರಮ ಊರಿನಿಂದ ಊರಿಗೆ ಹೆಚ್ಚೇನೂ ಬದಲಾಗುವುದಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಪುಟ್ಟ ಪಟ್ಟಣದಲ್ಲಿ ಇಂಥವರ ಮಗ, ಇಂಥವರ ಮಗಳು ಎಂಬ ಗುರುತೇ ಬೇಡಿಯಾಗುತ್ತದೆ. ಸೀರೆ ಉಟ್ಟು ಪೇಟೆ ಬೀದಿಯಲ್ಲಿ ನಡೆದರೆ ಸಂಜೆಯೊಳಗೆ ಸುದ್ದಿ ತೋಟದ ಮನೆಗೆ ತಲುಪಿರುತ್ತದೆ.

ಗಂಡಾಗಿ ಬದುಕಬಯಸುವ ಟ್ರಾನ್ಸ್ ಪುರುಷರ ಪಾಡು ಇನ್ನೂ ಕಠಿಣ. ಮನೆ ಬಿಟ್ಟ ಮಗನನ್ನು ಕೆಲದಿನ ಹುಡುಕಿ ಸುಮ್ಮನಾಗುವ ಕುಟುಂಬ, ಮಗಳೆಂದು ತಾನು ಭಾವಿಸಿದವರು ಹೊರಟುಹೋದರೆ ಠಾಣೆಯ ಮೆಟ್ಟಿಲೇರುತ್ತದೆ. ನಾಪತ್ತೆ ದೂರು ದಾಖಲಾಗಿ, ವಯಸ್ಕರಾದರೂ ಕರೆತಂದು ಒಪ್ಪಿಸುವ ಪರಿಪಾಠ ದೇಶದ ಎಲ್ಲೆಡೆ ಇದೆ. ಇಂಥ ಪ್ರಕರಣಗಳು ನ್ಯಾಯಾಲಯಕ್ಕೆ ಬಂದಾಗ ಆಪ್ತ ಸಮಾಲೋಚನೆಯ ಹೆಸರಿನಲ್ಲಿ ವ್ಯಕ್ತಿಯ ಮನಸ್ಸು ಬದಲಿಸಲು ಹೊರಡಬಾರದು, ಅವರು ಸ್ವತಃ ಆರಿಸಿಕೊಂಡ ಕುಟುಂಬಕ್ಕೂ ಬೆಲೆ ಉಂಟು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿತು. ಆ ಮಾತು ತಾಲೂಕು ಮಟ್ಟದ ಠಾಣೆಗಳ ದಿನಚರಿಗೆ ಇಳಿಯಬೇಕಾಗಿದೆ.

ನಗರ ಕೊಡುವುದೂ ಕೊಡದಿರುವುದೂ

ಊರು ಕೊಡದ ಒಂದನ್ನು ಬೆಂಗಳೂರು ಕೊಡುತ್ತದೆ: ಯಾರಿಗೂ ಗೊತ್ತಿಲ್ಲದವರಾಗಿ ನಡೆದಾಡುವ ಸ್ವಾತಂತ್ರ್ಯ. ಮೆಜೆಸ್ಟಿಕ್‌ನ ಜನಜಂಗುಳಿಯಲ್ಲಿ ಯಾರ ಮಗ, ಯಾವ ಊರು ಎಂದು ಕೇಳುವವರಿಲ್ಲ. ತನ್ನಂಥವರು ಇನ್ನೂ ಇದ್ದಾರೆ ಎಂಬ ಅರಿವು ಸಿಗುವುದೂ ಇಲ್ಲಿಯೇ. 1999ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಗಮದಂತಹ ಸಂಸ್ಥೆಗಳು, ಅಕ್ಕೈ ಪದ್ಮಶಾಲಿಯವರಂತಹ ಹೋರಾಟಗಾರರು ಕಟ್ಟಿದ ಸಂಘಟನೆಗಳು ಬೇರು ಬಿಟ್ಟಿರುವುದು ಮಹಾನಗರದಲ್ಲಿ. ಶಸ್ತ್ರಚಿಕಿತ್ಸೆ, ಹಾರ್ಮೋನು ಚಿಕಿತ್ಸೆ, ಮನೋವೈದ್ಯರ ಸಲಹೆ ಇವೆಲ್ಲಕ್ಕೂ ಮಂಡ್ಯ ಜಿಲ್ಲೆಯವರು ಬೆಂಗಳೂರು ಅಥವಾ ಮೈಸೂರಿನ ಕಡೆಗೇ ಮುಖ ಮಾಡಬೇಕು.

ಆದರೆ ಈ ಅನಾಮಿಕತೆಯ ಆಯುಸ್ಸು ಬಾಡಿಗೆ ಮನೆಯ ಬಾಗಿಲವರೆಗೆ ಮಾತ್ರ. ಬೆಂಗಳೂರಿನ ಯಾವುದೇ ಬಡಾವಣೆಯ ವಿದ್ಯುತ್ ಕಂಬಗಳನ್ನು ನೋಡಿದರೂ ‘ಲೇಡೀಸ್ ಪಿಜಿ’, ‘ಜೆಂಟ್ಸ್ ಪಿಜಿ’ ಎಂಬ ಎರಡೇ ಬಗೆಯ ಫಲಕಗಳು ಕಾಣುತ್ತವೆ. ಆಧಾರ್ ಚೀಟಿಯಲ್ಲಿ ಗಂಡೆಂದಿದ್ದು ಸೀರೆಯುಟ್ಟವರನ್ನು ಎರಡೂ ಕಡೆ ಒಳಬಿಡುವುದಿಲ್ಲ. ಸ್ವತಂತ್ರ ಮನೆ ಹಿಡಿಯಲು ಹೊರಟರೆ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವ ಪದ್ಧತಿ ಇಲ್ಲಿ ಹಳೆಯದು. ಊರಿನಿಂದ ಬರಿಗೈಯಲ್ಲಿ ಬಂದವರಿಗೆ ಅದು ಕೈಗೆಟುಕದ ಮೊತ್ತ. ಹಣ ಹೊಂದಿಸಿದವರಿಗೂ ಕುಟುಂಬಸ್ಥರಿಗೆ ಮಾತ್ರ ಎಂಬ ಉತ್ತರ ಕಾದಿರುತ್ತದೆ. ಒಪ್ಪುವ ಮಾಲೀಕರು ಹೆಚ್ಚು ಬಾಡಿಗೆ ಕೇಳುತ್ತಾರೆ, ಕರಾರುಪತ್ರ ಮಾಡಿಕೊಡುವುದಿಲ್ಲ. ಕರಾರುಪತ್ರವಿಲ್ಲದಿದ್ದರೆ ವಿಳಾಸದ ಪುರಾವೆ ಇಲ್ಲ. ವಿಳಾಸದ ಪುರಾವೆ ಇಲ್ಲದಿದ್ದರೆ ಬ್ಯಾಂಕ್ ಖಾತೆ, ಅಡುಗೆ ಅನಿಲ, ಪಡಿತರ ಚೀಟಿ, ಮತದಾರರ ಪಟ್ಟಿ ಯಾವುದೂ ಸಲೀಸಲ್ಲ.

ಈ ಒಂದು ಕೊಂಡಿ ಕಳಚಿದರೆ ಉಳಿದೆಲ್ಲ ಸೌಲಭ್ಯಗಳು ಹೇಗೆ ಕಳಚಿಬೀಳುತ್ತವೆ ಎಂಬುದಕ್ಕೆ ಕೊಚ್ಚಿಯ ಅನುಭವ ಕಣ್ಣು ತೆರೆಸುವಂಥದ್ದು. 2017ರಲ್ಲಿ ಕೊಚ್ಚಿ ಮೆಟ್ರೊ ಸಂಸ್ಥೆ 23 ಮಂದಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಉದ್ಯೋಗ ನೀಡಿದಾಗ ದೇಶವಿದೇಶಗಳಿಂದ ಪ್ರಶಂಸೆ ಹರಿದುಬಂತು. ಕೆಲವೇ ದಿನಗಳಲ್ಲಿ ಅವರಲ್ಲಿ ಎಂಟು ಮಂದಿ ಕೆಲಸ ಬಿಟ್ಟರು. ಕಾರಣ, ನಗರದಲ್ಲಿ ಅವರಿಗೆ ಬಾಡಿಗೆಗೆ ಕೋಣೆ ಕೊಡುವವರಿರಲಿಲ್ಲ. ವಸತಿಗೃಹಗಳಲ್ಲಿ ದಿನಬಾಡಿಗೆ ತೆತ್ತು ಉಳಿಯಲು ಸಂಬಳ ಸಾಲುತ್ತಿರಲಿಲ್ಲ. ಉದ್ಯೋಗ ಕೊಟ್ಟ ಸಂಸ್ಥೆಯ ಸದಾಶಯವನ್ನು ಊರಿನ ಮನೆ ಮಾಲೀಕರು ಸೋಲಿಸಿದರು. ಸರಕಾರದ ಯೋಜನೆಗಳು ಉದ್ಯೋಗ, ಸಾಲ, ತರಬೇತಿ ಎನ್ನುತ್ತಿರುವಾಗ ವಸತಿಯ ಪ್ರಶ್ನೆ ಹಿಂದೆ ಸರಿದರೆ ಆಗುವುದು ಇದೇ.

ಹಮಾಮಿನ ಆಸರೆ, ಹಮಾಮಿನ ಹಂಗು

ಎಲ್ಲ ಬಾಗಿಲು ಮುಚ್ಚಿದಾಗ ತೆರೆದಿರುವುದು ಸಮುದಾಯದ್ದೇ ಬಾಗಿಲು. ಬೆಂಗಳೂರಿನಲ್ಲಿ ಹಿಜಡಾ ಸಮುದಾಯದವರು ಸ್ನಾನಗೃಹಗಳಂತೆ ನಡೆಸಿಕೊಂಡು ಬಂದಿರುವ ಹಮಾಮುಗಳು ಹೊಸದಾಗಿ ಬಂದವರಿಗೆ ತಲೆಮಾರುಗಳಿಂದ ಆಶ್ರಯವಾಗಿವೆ. ಗುರು, ಚೇಲಾ ಎಂಬ ಸಂಬಂಧದ ಮೇಲೆ ನಿಂತ ಜಮಾತಿನ ವ್ಯವಸ್ಥೆ ಊಟ, ವಸತಿ, ಕಾಯಿಲೆ ಬಿದ್ದಾಗ ಆರೈಕೆ, ಸತ್ತಾಗ ಮಣ್ಣು ಎಲ್ಲವನ್ನೂ ನೋಡಿಕೊಳ್ಳುತ್ತದೆ. ತಮಿಳುನಾಡಿನ ನಾಮಕ್ಕಲ್ ಕಡೆಯ ಹಳ್ಳಿಯಿಂದ ಹೊರಟು ದೆಹಲಿ, ಮುಂಬಯಿ ಸುತ್ತಿ ಬೆಂಗಳೂರಿಗೆ ಬಂದ ಎ. ರೇವತಿಯವರ ಆತ್ಮಕಥನ ಈ ಲೋಕವನ್ನು ಒಳಗಿನಿಂದ ತೋರಿಸಿತು. ‘ಬದುಕು ಬಯಲು’ ಎಂಬ ಹೆಸರಿನಲ್ಲಿ ಅದು ಕನ್ನಡಕ್ಕೂ ಬಂದು, ರಂಗದ ಮೇಲೂ ಬಂತು. ಅದರಲ್ಲಿ ಆಸರೆಯ ಚಿತ್ರವೂ ಇದೆ, ಹಂಗಿನ ಚಿತ್ರವೂ ಇದೆ.

ಹಂಗು ಸಣ್ಣದಲ್ಲ. ಆಶ್ರಯ ಕೊಟ್ಟ ಗುರುವಿಗೆ ದುಡಿಮೆಯ ಪಾಲು ಸಲ್ಲಬೇಕು. ಆ ದುಡಿಮೆಯ ದಾರಿಗಳು ಎರಡೇ: ಅಂಗಡಿ, ಸಿಗ್ನಲ್, ರೈಲುಗಳಲ್ಲಿ ಕೈಚಾಚುವುದು ಅಥವಾ ಲೈಂಗಿಕ ವೃತ್ತಿ. ಬೇರೆ ಕೆಲಸ ಬೇಕೆಂದವರಿಗೆ, ಓದು ಮುಂದುವರಿಸಬೇಕೆಂದವರಿಗೆ ಜಮಾತಿನ ಕಟ್ಟಳೆಗಳು ಇಕ್ಕಟ್ಟಾಗುತ್ತವೆ. ಹೊರಹೋದರೆ ಮತ್ತೆ ಬೀದಿ. ನಗರದ ನಾಗರಿಕರಿಗೆ ಕಿರಿಕಿರಿಯೆನಿಸುವ ಸಿಗ್ನಲ್ ಭಿಕ್ಷಾಟನೆಯ ಮೂಲವನ್ನು ಇಲ್ಲಿಯೇ ಹುಡುಕಬೇಕು. ಚಪ್ಪಾಳೆ ತಟ್ಟಿ ಹಣ ಕೇಳುವವರ ಬಗ್ಗೆ ದೂರುವ ಮನೆ ಮಾಲೀಕರೇ, ಅದೇ ವ್ಯಕ್ತಿ ಕೆಲಸಕ್ಕೆ ಸೇರಿ ಬಾಡಿಗೆ ಮನೆ ಕೇಳಿದಾಗ ಇಲ್ಲವೆಂದವರು ಎಂಬ ವಿಪರ್ಯಾಸವನ್ನು ಮರೆಯಲಾಗದು. ಮಾಲೀಕರ ಅಳುಕಿನಲ್ಲಿ ನೆರೆಹೊರೆಯ ಒತ್ತಡವೂ ಇರುತ್ತದೆ ಎಂಬುದು ನಿಜ. ಆದರೆ ಯಾರೋ ಕೆಲವರ ನಡವಳಿಕೆಗೆ ಇಡೀ ಸಮುದಾಯಕ್ಕೆ ಬಾಗಿಲು ಮುಚ್ಚುವುದು ಜಾತಿ ಕೇಳಿ ಮನೆ ಕೊಡುವ ಪದ್ಧತಿಯ ಇನ್ನೊಂದು ಮುಖವಷ್ಟೇ.

ಕಾನೂನಿನ ದೃಷ್ಟಿಯಲ್ಲಿ ಜಮಾತಿನ ಸ್ಥಾನವೇ ವಿಚಿತ್ರ. 2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಸಂರಕ್ಷಣಾ ಕಾಯ್ದೆ ರಚನೆಯಾದಾಗ ಕುಟುಂಬ ಎಂದರೆ ರಕ್ತ, ವಿವಾಹ ಅಥವಾ ದತ್ತಕದಿಂದ ಕೂಡಿದವರು ಎಂದು ಅರ್ಥ ಹೇಳಿತು. ಹೆತ್ತ ಮನೆಯಲ್ಲಿ ವಾಸಿಸುವ ಹಕ್ಕನ್ನು ಕೊಟ್ಟಿತು. ಆ ಮನೆ ನೋಡಿಕೊಳ್ಳಲಾರದಿದ್ದರೆ ನ್ಯಾಯಾಲಯ ಪುನರ್ವಸತಿ ಕೇಂದ್ರಕ್ಕೆ ಕಳುಹಿಸಬಹುದು ಎಂದಿತು. ಹೆತ್ತ ಮನೆ ಮತ್ತು ಸರಕಾರಿ ಕೇಂದ್ರ ಇವೆರಡರ ನಡುವೆ, ನಿಜಕ್ಕೂ ಜನ ಬದುಕುತ್ತಿರುವ ಮೂರನೆಯ ಮನೆ ಆ ಕಾಯ್ದೆಯ ಕಣ್ಣಿಗೆ ಬೀಳಲಿಲ್ಲ.

ಠಾಣೆಯ ನೆರಳು

ನಗರಕ್ಕೆ ಹೊಸಬರಾದವರನ್ನು ಮೊದಲು ಗುರುತಿಸುವುದು ಪೊಲೀಸರು. ಇದಕ್ಕೊಂದು ಚರಿತ್ರೆಯಿದೆ. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ಎರಡನೆಯ ಭಾಗ ಹಿಜಡಾ ಸಮುದಾಯದ ಹೆಸರು, ವಾಸಸ್ಥಳಗಳ ಪಟ್ಟಿ ಇಡಬೇಕೆಂದಿತ್ತು. ಆ ಕಾಯ್ದೆ ಹೋದ ಎಷ್ಟೋ ದಶಕಗಳ ನಂತರ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಹೊಸ ಕಲಮು ಸೇರಿತು. ಬಾಲಕರ ಅಪಹರಣ ಮುಂತಾದವುಗಳ ಶಂಕೆಯಿರುವ ಸಮುದಾಯದವರ ಹೆಸರು, ವಿಳಾಸಗಳ ಪಟ್ಟಿ ತಯಾರಿಸುವ ಅಧಿಕಾರವನ್ನು ಅದು ಪೊಲೀಸ್ ಆಯುಕ್ತರಿಗೆ ನೀಡಿತು. ಪದಗಳೂ ಧಾಟಿಯೂ ಬಹುಮಟ್ಟಿಗೆ 1871ರವೇ. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಬಳಿಕ 2016ರಲ್ಲಿ ತಿದ್ದುಪಡಿ ತಂದು ಸಮುದಾಯದ ಹೆಸರನ್ನು ಅಲ್ಲಿಂದ ತೆಗೆಯಲಾಯಿತು. ಕೇವಲ ಹುಟ್ಟಿನ ಕಾರಣಕ್ಕೆ ಶಂಕಿತರ ಸಾಲಿನಲ್ಲಿ ನಿಲ್ಲಿಸುವ ಆ ಐದು ವರ್ಷ ರಾಜ್ಯದ ಶಾಸನ ಚರಿತ್ರೆಗೆ ಶೋಭೆ ತರುವಂಥದ್ದಲ್ಲ.

ಬೀದಿಯ ಅನುಭವ ಇದಕ್ಕಿಂತ ಕಹಿ. ಬೆಂಗಳೂರಿನಲ್ಲಿ ಸಮುದಾಯದವರ ಮೇಲಿನ ದೌರ್ಜನ್ಯಗಳನ್ನು ಪಿಯುಸಿಎಲ್ 2003ರಲ್ಲೇ ವರದಿಯಾಗಿ ಪ್ರಕಟಿಸಿತ್ತು. 2008ರ ಅಕ್ಟೋಬರ್‌ನಲ್ಲಿ ಗಿರಿನಗರ ಭಾಗದಲ್ಲಿ ನಡೆದ ಬಂಧನಗಳ ಬೆನ್ನಿಗೇ, ಹಿಜಡಾ ಬಾಡಿಗೆದಾರರನ್ನು ತೆರವು ಮಾಡಿಸುವಂತೆ ಮನೆ ಮಾಲೀಕರ ಮೇಲೆ ಪೊಲೀಸರು ಒತ್ತಡ ಹೇರಿದರೆಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಹೇಳಿತು. 2014ರ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಮ್ಮ ಲಿಂಗ ಗುರುತನ್ನು ತಾವೇ ನಿರ್ಧರಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎಂದು ಐತಿಹಾಸಿಕ ತೀರ್ಪಿತ್ತಿತು. ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ರಸ್ತೆಗಳಿಂದ ಹಿಡಿದು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸಾಗಿಸಲಾಯಿತು. ತೀರ್ಪು ದೆಹಲಿಯಿಂದ ಬೆಂಗಳೂರಿನ ಬೀದಿಗೆ ಬರಲು ಏಳು ತಿಂಗಳು ಸಾಲಲಿಲ್ಲ.

ವಸತಿಗೂ ಠಾಣೆಗೂ ಇರುವ ನಂಟು ಇಲ್ಲಿ ಸ್ಪಷ್ಟ. ಮನೆ ಇಲ್ಲದವರು ಬೀದಿಯಲ್ಲಿರುತ್ತಾರೆ, ಬೀದಿಯಲ್ಲಿರುವವರು ಭಿಕ್ಷಾಟನೆ ನಿಷೇಧ ಕಾಯ್ದೆಗೆ ಸಿಲುಕುತ್ತಾರೆ, ಒಮ್ಮೆ ಸಿಲುಕಿದವರಿಗೆ ಮನೆ ಸಿಗುವುದು ಮತ್ತಷ್ಟು ಕಷ್ಟವಾಗುತ್ತದೆ.

ಕಾಗದದ ಕಗ್ಗಂಟು

ಹೊಸ ಊರಿನಲ್ಲಿ ಹೊಸ ಬದುಕು ಕಟ್ಟಲು ಹೊಸ ಹೆಸರಿನ ಕಾಗದ ಬೇಕು. 2019ರ ಕಾಯ್ದೆ 2020ರ ಜನವರಿ 10ರಿಂದ ಜಾರಿಗೆ ಬಂತು. ಅದೇ ವರ್ಷದ ನಿಯಮಗಳು ರೂಪಿಸಿದ ಕ್ರಮದಂತೆ ಗುರುತಿನ ಪ್ರಮಾಣಪತ್ರ ನೀಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿಗಳದ್ದಾಯಿತು. 2020ರ ನವೆಂಬರ್‌ನಲ್ಲಿ ರಾಷ್ಟ್ರೀಯ ಪೋರ್ಟಲ್ ಆರಂಭವಾಗಿ, ಕಚೇರಿಗೆ ಅಲೆಯದೆ ಅರ್ಜಿ ಹಾಕುವ ಅನುಕೂಲವೂ ದೊರೆಯಿತು.

ಆದರೆ ಜಿಲ್ಲೆಯಿಂದ ಜಿಲ್ಲೆಗೆ ಬಂದವರ ಸಂಕಟ ಬೇರೆಯೇ. ಮೂಲ ದಾಖಲೆಗಳೆಲ್ಲ ಮದ್ದೂರಿನ ವಿಳಾಸದವು, ಹಳೆಯ ಹೆಸರಿನವು. ಬಹಳ ಮಂದಿ ಮನೆ ಬಿಡುವಾಗ ಅವುಗಳನ್ನೂ ಬಿಟ್ಟೇ ಬಂದಿರುತ್ತಾರೆ. ಮಂಡ್ಯದಲ್ಲಿ ಅರ್ಜಿ ಹಾಕಿದರೆ ಸುದ್ದಿ ಮನೆಗೆ ಮುಟ್ಟುವ ಭಯ. ಬೆಂಗಳೂರಿನಲ್ಲಿ ಹಾಕಲು ಅಲ್ಲಿನ ವಿಳಾಸವಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇದ್ದರೆ ಉದ್ಯೋಗದಾತರ ಮುಂದೆ ತನ್ನ ಇಡೀ ಜೀವನಚರಿತ್ರೆಯನ್ನೇ ಬಿಚ್ಚಿಡಬೇಕಾಗುತ್ತದೆ. ಜನನ ಪ್ರಮಾಣಪತ್ರದ ವಿಷಯದಲ್ಲಿ ಇಂಥದೇ ತೊಡಕು ರಾಜ್ಯ ಹೈಕೋರ್ಟಿನ ಮುಂದೆ ಬಂದಾಗ, 2024ರ ಡಿಸೆಂಬರ್‌ನಲ್ಲಿ ನ್ಯಾಯಾಲಯವು ಬದಲಾದ ಹೆಸರು ಮತ್ತು ಲಿಂಗವನ್ನು ನಮೂದಿಸಿದ ಪರಿಷ್ಕೃತ ಪ್ರಮಾಣಪತ್ರ ನೀಡಲು ದಾರಿ ಮಾಡಿಕೊಟ್ಟಿತು. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಕೂಡ ಕೊನೆಗೆ ನಿಂತಿರುವುದು ಗುರುತಿನ ಚೀಟಿಯ ಮೇಲೆಯೇ. ಚೀಟಿಯಲ್ಲಿ ಪುರುಷ ಎಂದಿದ್ದರೆ ನಿರ್ವಾಹಕರ ಮುಂದೆ ವಾದ ಮಾಡಬೇಕಾದವರು ಅತ್ಯಂತ ಅಳುಕಿನಲ್ಲಿರುವ, ಊರು ಬಿಟ್ಟು ಹೊರಟ ಪ್ರಯಾಣಿಕರೇ.

ಉದ್ಯೋಗದ ಮಟ್ಟಿಗೆ ಕರ್ನಾಟಕ ಹೆಮ್ಮೆಪಡುವ ಒಂದು ಹೆಜ್ಜೆಯಿಟ್ಟಿದೆ. ಸಂಗಮ ಸಂಸ್ಥೆ ಹೈಕೋರ್ಟ್ ಮೆಟ್ಟಿಲೇರಿದ ಫಲವಾಗಿ 2021ರ ಜುಲೈನಲ್ಲಿ ಸರಕಾರಿ ನೇಮಕಾತಿ ನಿಯಮಗಳಿಗೆ ತಿದ್ದುಪಡಿಯಾಗಿ, ಎಲ್ಲ ಪ್ರವರ್ಗಗಳೊಳಗೂ ಶೇಕಡ 1ರಷ್ಟು ಹುದ್ದೆ ಮೀಸಲಾಯಿತು. ಇಂಥ ಅಡ್ಡ ಮೀಸಲಾತಿ ತಂದ ಮೊದಲ ರಾಜ್ಯ ಕರ್ನಾಟಕ. 2022ರ ಶಿಕ್ಷಕರ ನೇಮಕಾತಿ ಪಟ್ಟಿಯಲ್ಲಿ ಮೂವರು ಆಯ್ಕೆಯಾದದ್ದು ಅದರ ಫಲ. ಆದರೆ ಪದವಿ ಮುಗಿಸುವವರೆಗೆ ಮನೆಯಲ್ಲಿ ಉಳಿಯಲು ಸಾಧ್ಯವಾದವರಿಗೆ ಮಾತ್ರ ಈ ಮೀಸಲಾತಿಯ ಬಾಗಿಲು ತೆರೆಯುತ್ತದೆ. ಹತ್ತನೆಯ ತರಗತಿಯಲ್ಲೇ ಶಾಲೆ ಬಿಟ್ಟು ರೈಲು ಹತ್ತಿದವರಿಗೆ ಅದು ದೂರದ ಬೆಟ್ಟ. ಹೀಗಾಗಿ ಶಾಲೆ ಬಿಡಿಸುವ ಊರು, ನೌಕರಿಯ ಮೀಸಲಾತಿಯನ್ನೂ ಕಸಿದುಕೊಂಡಂತಾಗುತ್ತದೆ.

ಇಲ್ಲಿ ಯಾರೂ ಇಲ್ಲ ಎಂಬ ಸಮಾಧಾನ

2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎರಡನ್ನೂ ಬಿಟ್ಟು ‘ಇತರೆ’ ಎಂದು ಬರೆಸಿದವರು ದೇಶದಲ್ಲಿ 4,87,803 ಮಂದಿ. ಕರ್ನಾಟಕದಲ್ಲಿ 20,266. ಬಹಿರಂಗವಾಗಿ ಹೇಳಿಕೊಳ್ಳಲಾರದವರ ನಡುವೆ ಎಣಿಸಿದ ಈ ಸಂಖ್ಯೆ ವಾಸ್ತವಕ್ಕಿಂತ ಕಡಿಮೆ ಎಂಬುದು ಸಮುದಾಯದ ಬಹುಕಾಲದ ವಾದ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರಕಾರ ಪ್ರತ್ಯೇಕ ಸಮೀಕ್ಷೆಯನ್ನು ಕೈಗೆತ್ತಿಕೊಂಡದ್ದು ಈ ಕೊರತೆ ನೀಗಿಸುವ ಉದ್ದೇಶದಿಂದಲೇ.

ಎಣಿಕೆಯಲ್ಲಿ ಒಂದು ಸೂಕ್ಷ್ಮ ಅಡಗಿದೆ. ಮದ್ದೂರಿನಿಂದ ಹೋದವರು ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತಾರೆ. ಮದ್ದೂರಿನಲ್ಲಿಯೇ ಉಳಿದವರು ಬಾಯಿ ಬಿಡುವುದಿಲ್ಲ. ತಾಲೂಕಿನ ಪಟ್ಟಿ ಚಿಕ್ಕದಾಗುತ್ತದೆ. ಪಟ್ಟಿ ಚಿಕ್ಕದಾದರೆ ಅಲ್ಲಿ ಆಪ್ತ ಸಮಾಲೋಚಕರು ಬೇಡ, ವೈದ್ಯಕೀಯ ಸೌಲಭ್ಯ ಬೇಡ, ಶಿಕ್ಷಕರಿಗೆ ತಿಳಿವಳಿಕೆ ಬೇಡ, ವಸತಿ ಯೋಜನೆಯಲ್ಲಿ ನಿವೇಶನ ಬೇಡ ಎಂದಾಗುತ್ತದೆ. ಸೌಲಭ್ಯವಿಲ್ಲದ ಊರಿನಿಂದ ಮುಂದಿನ ತಲೆಮಾರೂ ಹೊರಟುಹೋಗುತ್ತದೆ. ಇಲ್ಲಿ ಅಂಥವರು ಯಾರೂ ಇಲ್ಲ ಎಂದು ಸಣ್ಣ ಊರುಗಳ ಅಧಿಕಾರಿಗಳೂ ಮುಖಂಡರೂ ಹೇಳುವ ಮಾತು ಸುಳ್ಳಲ್ಲದಿರಬಹುದು. ಆದರೆ ಅವರು ಏಕಿಲ್ಲ ಎಂಬ ಪ್ರಶ್ನೆಯನ್ನು ಆ ಮಾತು ಮುಚ್ಚಿಡುತ್ತದೆ.

ವ್ಯಕ್ತಿಯನ್ನು ಮನೆಯಿಂದ, ಹಳ್ಳಿಯಿಂದ ಅಥವಾ ವಾಸಸ್ಥಳದಿಂದ ಬಲವಂತವಾಗಿ ಹೊರದಬ್ಬುವುದನ್ನು 2019ರ ಕಾಯ್ದೆ ಅಪರಾಧವೆಂದು ಸಾರಿ, ಆರು ತಿಂಗಳಿನಿಂದ ಎರಡು ವರ್ಷದವರೆಗೆ ಸೆರೆವಾಸ ಗೊತ್ತುಮಾಡಿತು. ಹೆತ್ತವರ ವಿರುದ್ಧ ದೂರು ಕೊಟ್ಟು ಅದೇ ಸೂರಿನಡಿ ಬದುಕಲು ಎಷ್ಟು ಮಂದಿಗೆ ಸಾಧ್ಯ? ದಂಡನೆಯ ಕಲಮಿಗಿಂತ ಹೆಚ್ಚು ಕೆಲಸ ಮಾಡಬಲ್ಲದ್ದು, ಮಗು ಶಾಲೆಯಲ್ಲಿರುವಾಗಲೇ ಹೆತ್ತವರೊಡನೆ ಕುಳಿತು ಮಾತಾಡಬಲ್ಲ ಒಬ್ಬ ತಿಳಿವಳಿಕಸ್ಥರು.

ಆಗಬೇಕಾದದ್ದು

ಮೊದಲನೆಯದು ವಸತಿ. ಕೇಂದ್ರ ಸರಕಾರ ಗರಿಮಾ ಗೃಹ ಎಂಬ ಆಶ್ರಯಧಾಮಗಳನ್ನು ಮೊದಲ ಹಂತದಲ್ಲಿ 12 ಕಡೆ ಆರಂಭಿಸಿದಾಗ ಕರ್ನಾಟಕದಲ್ಲಿ ಒಂದೂ ಇರಲಿಲ್ಲ. ರಾಜ್ಯವೇ ಮುಂದಾಗಿ ಬೆಂಗಳೂರು, ಮೈಸೂರಿನಂತಹ ನಗರಗಳಲ್ಲಿ ಹೊಸದಾಗಿ ಬಂದವರಿಗೆ ಆರು ತಿಂಗಳು, ವರ್ಷದ ಮಟ್ಟಿಗೆ ಉಳಿಯಲು ಹಾಸ್ಟೆಲ್ ಒದಗಿಸುವುದು ಕಷ್ಟವೇನಲ್ಲ. ದುಡಿಯುವ ಮಹಿಳೆಯರ ವಸತಿ ನಿಲಯಗಳಲ್ಲಿ ಟ್ರಾನ್ಸ್ ಮಹಿಳೆಯರಿಗೆ ಕೆಲವು ಕೊಠಡಿ ಕಾದಿರಿಸಬಹುದು. ಮುಂಗಡದ ಮೊತ್ತಕ್ಕೆ ಸರಕಾರವೇ ಖಾತರಿ ನಿಂತರೆ ಒಪ್ಪುವ ಮಾಲೀಕರು ಖಂಡಿತ ಸಿಗುತ್ತಾರೆ. ಆ ಹಾಸ್ಟೆಲಿನ ವಿಳಾಸವೇ ಗುರುತಿನ ಚೀಟಿಗೂ ಬ್ಯಾಂಕ್ ಖಾತೆಗೂ ಆಧಾರವಾದರೆ ಕಾಗದದ ಕಗ್ಗಂಟು ಅರ್ಧ ಬಿಡಿಸಿದಂತೆ.

ಎರಡನೆಯದು ತಾಲೂಕು. 2017ರಲ್ಲಿ ರಾಜ್ಯ ಪ್ರಕಟಿಸಿದ ಲಿಂಗತ್ವ ಅಲ್ಪಸಂಖ್ಯಾತರ ನೀತಿ ಶಾಲೆ, ಆರೋಗ್ಯ, ಕುಟುಂಬಗಳ ಬಗ್ಗೆ ಒಳ್ಳೆಯ ಮಾತುಗಳನ್ನೇ ಆಡಿದೆ. ಅದು ವಿಧಾನಸೌಧದಿಂದ ತಾಲೂಕು ಆಸ್ಪತ್ರೆಗೆ, ಪ್ರೌಢಶಾಲೆಯ ಶಿಕ್ಷಕರ ಕೊಠಡಿಗೆ, ಪೊಲೀಸ್ ಠಾಣೆಗೆ ಇಳಿಯಬೇಕು. ಮದ್ದೂರು ತಾಲೂಕಿನಲ್ಲಿ ಗೆಜ್ಜಲಗೆರೆಯ ಕೈಗಾರಿಕಾ ಪ್ರದೇಶವಿದೆ, ಹಾಲು ಒಕ್ಕೂಟವಿದೆ, ಸಕ್ಕರೆ ಕಾರ್ಖಾನೆಗಳಿವೆ. ಊರಲ್ಲೇ ದುಡಿದು ಉಣ್ಣುವ ಅವಕಾಶ ಇಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ದುಡಿಮೆಗೆ ತಕ್ಕ ಕೈಗಳು ಇದ್ದೂ ಅವುಗಳನ್ನು ಸಿಗ್ನಲ್ಲಿಗೆ ಕಳುಹಿಸುವುದು ಊರಿಗೂ ನಷ್ಟವೇ.

ಮೂರನೆಯದು ಮರಳುವ ದಾರಿ. ವಲಸೆ ಹೋದ ಎಲ್ಲರಿಗೂ ಊರು ಎಂಬುದು ಹಬ್ಬಕ್ಕಾದರೂ ಬರುವ ಜಾಗ. ತಂದೆತಾಯಿಗೆ ವಯಸ್ಸಾದಾಗ ನೋಡಿಕೊಳ್ಳಲು, ಸತ್ತಾಗ ಮಣ್ಣು ಹಾಕಲು, ಪಿತ್ರಾರ್ಜಿತದಲ್ಲಿ ತನ್ನ ಪಾಲು ಕೇಳಲು ಬರುವ ಹಕ್ಕು ಇವರಿಗೂ ಇದೆ. ನಗರದಲ್ಲಿ ದುಡಿದು ಮನೆಗೆ ಹಣ ಕಳುಹಿಸುವ ಎಷ್ಟೋ ಮಂದಿ ಅದೇ ಮನೆಗೆ ಹಗಲಿನಲ್ಲಿ ಕಾಲಿಡಲಾರದೆ, ಬಂದರೂ ಪ್ಯಾಂಟು ಷರ್ಟು ತೊಟ್ಟು ಕತ್ತಲಾದ ಮೇಲೆ ಬಂದು ನಸುಕಿಗೇ ಹೊರಡುವ ಸ್ಥಿತಿ ಇದೆ. ಹಣಕ್ಕೆ ಇಲ್ಲದ ಮೈಲಿಗೆ ಹಣ ಕಳುಹಿಸಿದವರಿಗೆ ಅಂಟುವುದು ಯಾವ ನ್ಯಾಯ?

ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’ ಚಿತ್ರದಲ್ಲಿ ಹಳ್ಳಿಯಿಂದ ನಗರಕ್ಕೆ ಹೊರಟ ಇಂಥದೇ ಬದುಕನ್ನು ಅಭಿನಯಿಸಿದ್ದಕ್ಕೆ ದಿವಂಗತ ಸಂಚಾರಿ ವಿಜಯ್ ಅವರಿಗೆ 2015ರಲ್ಲಿ ರಾಷ್ಟ್ರ ಪ್ರಶಸ್ತಿ ಬಂದಾಗ ಕನ್ನಡ ನಾಡು ಸಂಭ್ರಮಿಸಿತು. ಮಂಜಮ್ಮ ಜೋಗತಿಯವರು ರಾಷ್ಟ್ರಪತಿ ಭವನದಲ್ಲಿ ಸೆರಗಿನಿಂದ ನಿವಾಳಿಸಿ ಪ್ರಶಸ್ತಿ ಸ್ವೀಕರಿಸಿದಾಗ ಕಣ್ಣು ತೇವ ಮಾಡಿಕೊಂಡಿತು. ತೆರೆಯ ಮೇಲೂ ವೇದಿಕೆಯ ಮೇಲೂ ತೋರಿದ ಆ ಔದಾರ್ಯ, ಮಹಡಿಯ ಮೇಲಿನ ಒಂದು ಕೋಣೆಯನ್ನು ಬಾಡಿಗೆಗೆ ಕೊಡುವ ಹೊತ್ತಿಗೆ ಬತ್ತಿಹೋಗಬಾರದು. ರಾಜಧಾನಿಯ ಮನೆ ಮಾಲೀಕರು ಬಾಗಿಲು ತೆರೆದರೆ ಇಂದು ಹೊರಟವರ ಬದುಕು ಹಸನಾಗುತ್ತದೆ. ಮದ್ದೂರಿನ ಹೆತ್ತವರು ಬಾಗಿಲು ಮುಚ್ಚದಿದ್ದರೆ, ನಾಳೆ ಹೊರಡುವವರು ಉಳಿದೆಲ್ಲ ಮಕ್ಕಳಂತೆ ಓದಿಗೋ ಕೆಲಸಕ್ಕೋ ಹೊರಡುತ್ತಾರೆ, ಹಬ್ಬಕ್ಕೆ ಹಗಲು ಹೊತ್ತಿನಲ್ಲೇ ಬಂದು ಬಸ್ಸಿಳಿಯುತ್ತಾರೆ.